ಬೋಳು ನೆತ್ತಿಯ ಬೆಟ್ಟಕ್ಕೆ ಒಂದು ದಿನದ ಚಾರಣ: ಇಳಿಯುವ ಲೆಕ್ಕದಿಂದ ಆರಂಭಿಸಿ

ಚಾರಣದ ಬಗ್ಗೆ ಬರೆಯುವವರಿಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳಬಹುದಾದ, ತುದಿಯಲ್ಲಿ ನಿಂತರೆ ಸುತ್ತಲಿನ ನೋಟವೆಲ್ಲ ತೆರೆದುಕೊಳ್ಳುವ ಬೆಟ್ಟವೊಂದಕ್ಕೆ ಹೋಗಬೇಕು. ಹಗ್ಗ ಕಟ್ಟಿ ಹತ್ತುವಂಥದ್ದು ಬೇಡ, ಹಾಗೆಂದು ಉದ್ಯಾನದ ನಡಿಗೆಯಷ್ಟು ಸಲೀಸಾದದ್ದೂ ಬೇಡ. ಇದು ನನ್ನಿಂದ ಆಗುತ್ತದೆಯೇ, ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ನೀರು ಒಯ್ಯಬೇಕು ಎಂಬುದು ಎಲ್ಲರ ಕುತೂಹಲ. ಈ ಮೂರಕ್ಕೂ ಉತ್ತರ ಒಂದೇ ಕಡೆ ಇದೆ: ಶಿಖರವನ್ನು ದಾರಿಯ ಕೊನೆಯೆಂದು ಭಾವಿಸದೆ ನಡುವೆಂದು ಭಾವಿಸಿ, ಸಂಜೆ ಬುಡ ತಲುಪುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು. ಹತ್ತುವಾಗ ಜನ ದಣಿಯುತ್ತಾರೆ. ಎಡವಿ ಬೀಳುವುದು, ದಾರಿ ತಪ್ಪುವುದು, ಕತ್ತಲಿಗೆ ಸಿಲುಕುವುದು ಬಹುಮಟ್ಟಿಗೆ ಇಳಿಯುವಾಗ.

ತೆರೆದ ಶಿಖರ ಎಂದರೆ ಮರಗಳು ಕೆಳಗೇ ಮುಗಿದು, ಮೇಲೆ ಹುಲ್ಲು ಅಥವಾ ಬಂಡೆ ಮಾತ್ರ ಉಳಿದಿರುವ ನೆತ್ತಿ. ನೋಟಕ್ಕೆ ಅಡ್ಡಿಯಿಲ್ಲದಿರುವುದು ಅದರ ಸೊಗಸಾದರೆ, ಗಾಳಿ, ಬಿಸಿಲು, ಸಿಡಿಲು, ಮಂಜು ಯಾವುದಕ್ಕೂ ಅಡ್ಡಿಯಿಲ್ಲದಿರುವುದು ಅದರ ಅಪಾಯ. ಅದೇ ಎತ್ತರದ ಕಾಡು ಮುಚ್ಚಿದ ಬೆಟ್ಟಕ್ಕೆ ಹೋಲಿಸಿದರೆ ತಯಾರಿಯಲ್ಲಿ ಬೇಕಾಗುವ ವ್ಯತ್ಯಾಸಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

1. ಬೆಟ್ಟವನ್ನು ಮೊದಲು ಅಂಕಿಗಳಲ್ಲಿ ಓದಿ

'ಮಧ್ಯಮ ಕಷ್ಟದ ಚಾರಣ' ಎಂಬುದಕ್ಕೆ ಜಗತ್ತಿನಾದ್ಯಂತ ಒಪ್ಪಿತವಾದ ಅಳತೆಗೋಲು ಇಲ್ಲ. ಒಬ್ಬರು ಮಧ್ಯಮವೆಂದು ಬರೆದದ್ದು ಇನ್ನೊಬ್ಬರ ಮಂಡಿಗೆ ಕಠಿಣವಾದೀತು. ಆದ್ದರಿಂದ ಆ ಪದವನ್ನು ಬದಿಗಿಟ್ಟು ಎರಡು ಅಂಕಿಗಳನ್ನು ಹುಡುಕಿ: ಹೋಗಿಬರುವ ಒಟ್ಟು ದೂರ ಮತ್ತು ಒಟ್ಟು ಏರು. ಈ ಲೇಖನದ ಮಟ್ಟಿಗೆ ಒಟ್ಟು 8ರಿಂದ 14 ಕಿಲೋಮೀಟರ್ ದೂರ, 500ರಿಂದ 900 ಮೀಟರ್ ಏರು, ಕೈಯೂರಿ ಹತ್ತುವ ಅಗತ್ಯ ಅಪರೂಪಕ್ಕೆ ಮಾತ್ರ ಬೀಳುವ ದಾರಿಯನ್ನು ಮಧ್ಯಮ ಎಂದು ಕರೆಯುತ್ತೇನೆ.

ಇಲ್ಲಿ ಆಗುವ ಸಾಮಾನ್ಯ ತಪ್ಪು, ಶಿಖರದ ಎತ್ತರವನ್ನೇ ಏರು ಎಂದುಕೊಳ್ಳುವುದು. ಸಮುದ್ರಮಟ್ಟದಿಂದ 1,800 ಮೀಟರ್ ಎತ್ತರದ ಶಿಖರಕ್ಕೆ 1,100 ಮೀಟರ್ ಎತ್ತರದಲ್ಲಿರುವ ಊರಿನಿಂದ ಹೊರಟರೆ ನೀವು ಹತ್ತಬೇಕಾದದ್ದು 700 ಮೀಟರ್. ಆದರೆ ದಾರಿಯ ನಡುವೆ ನೂರು ಮೀಟರ್ ಇಳಿದು ಮತ್ತೆ ಏರುವ ಒಂದು ತಗ್ಗು ಇದ್ದರೆ, ಹೋಗುವಾಗಿನ ಏರು 800 ಆಗುತ್ತದೆ. ಮರಳುವಾಗ ಅದೇ ತಗ್ಗಿನಿಂದ ಇನ್ನೂ ನೂರು ಮೀಟರ್ ಹತ್ತಬೇಕಾಗುತ್ತದೆ. ದಣಿದ ಕಾಲುಗಳಿಗೆ ಕೊನೆಯಲ್ಲಿ ಎದುರಾಗುವ ಈ ಮರು ಏರು ಎಷ್ಟು ಭಾರವೆಂಬುದು ಮೊದಲ ಸಲ ಹೋಗುವವರಿಗೆ ಅಂದಾಜಿರುವುದಿಲ್ಲ.

ಎರಡನೆಯ ತಪ್ಪು ಸರಾಸರಿಯನ್ನು ನಂಬುವುದು. ಆರು ಕಿಲೋಮೀಟರಿನಲ್ಲಿ 700 ಮೀಟರ್ ಏರುವ ದಾರಿಯ ಸರಾಸರಿ ಇಳಿಜಾರು 7 ಡಿಗ್ರಿಗಿಂತ ಕಡಿಮೆ, ಕೇಳಲು ಹಿತವಾಗಿಯೇ ಇದೆ. ಆದರೆ ಮೊದಲ ನಾಲ್ಕು ಕಿಲೋಮೀಟರ್ ಕಾಡಿನೊಳಗೆ ಸಮತಟ್ಟಾಗಿ ಸಾಗಿ, ಉಳಿದ ಎರಡರಲ್ಲೇ 700 ಮೀಟರ್ ಏರುವ ದಾರಿಗೂ ಅದೇ ಸರಾಸರಿ ಬರುತ್ತದೆ. ಇದನ್ನು ಬಿಡಿಸಿ ತೋರಿಸುವುದು ಸಮೋನ್ನತ ರೇಖೆಗಳಿರುವ ನಕ್ಷೆ. ಒಂದೇ ಎತ್ತರದಲ್ಲಿರುವ ಸ್ಥಳಗಳನ್ನೆಲ್ಲ ಕೂಡಿಸಿ ಎಳೆದ ಗೆರೆಗೆ ಸಮೋನ್ನತ ರೇಖೆ ಎನ್ನುತ್ತಾರೆ. ಎರಡು ಗೆರೆಗಳ ನಡುವಿನ ಎತ್ತರದ ಅಂತರ ಎಷ್ಟೆಂಬುದು ನಕ್ಷೆಯ ಅಂಚಿನಲ್ಲಿ ಬರೆದಿರುತ್ತದೆ. ಗೆರೆಗಳು ಒತ್ತೊತ್ತಾಗಿದ್ದಲ್ಲಿ ಏರು ಕಡಿದು, ಬಿಡಿಬಿಡಿಯಾಗಿದ್ದಲ್ಲಿ ನೆಲ ಸೌಮ್ಯ. ನಿಮ್ಮ ದಾರಿಯ ಮೇಲೆ ಬೆರಳಾಡಿಸುತ್ತ ಗೆರೆಗಳು ಎಲ್ಲಿ ಒತ್ತಾಗುತ್ತವೆ, ಶಿಖರಕ್ಕೆ ಮುನ್ನ ಎಲ್ಲಿ ಹಸಿರು ಬಣ್ಣ ಮುಗಿದು ಬಯಲಾಗುತ್ತದೆ, ಎಲ್ಲೆಲ್ಲಿ ಕವಲುಗಳಿವೆ ಎಂಬ ಮೂರನ್ನು ಗುರುತು ಹಾಕಿಕೊಳ್ಳಿ. ಹದಿನೈದು ನಿಮಿಷದ ಈ ಕೆಲಸ ಮಾಡಿದವರು ದಾರಿಯಲ್ಲಿ ಗಾಬರಿಯಾಗುವುದು ಕಡಿಮೆ.

ಪ್ರವೇಶಕ್ಕೆ ಅನುಮತಿ ಬೇಕೇ, ಆ ಋತುವಿನಲ್ಲಿ ದಾರಿ ತೆರೆದಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ವಿಚಾರಿಸಿ. ಶಿಖರವು 2,500 ಮೀಟರಿಗಿಂತ ಎತ್ತರದಲ್ಲಿದ್ದು ನೀವು ತಗ್ಗಿನ ಪ್ರದೇಶದಿಂದ ನೇರವಾಗಿ ಬರುತ್ತಿದ್ದರೆ, ತಲೆನೋವು, ವಾಕರಿಕೆ, ಅತಿಯಾದ ಸುಸ್ತಿನ ರೂಪದಲ್ಲಿ ಎತ್ತರದ ಕಾಯಿಲೆ ಕಾಣಿಸಿಕೊಳ್ಳಬಹುದು. ಅಂಥ ಬೆಟ್ಟವನ್ನು ಮೊದಲ ಆಯ್ಕೆ ಮಾಡಿಕೊಳ್ಳಬೇಡಿ.

2. ಹೊತ್ತಿನ ಲೆಕ್ಕ ಹಾಕಿ ಗಡುವನ್ನು ಬರೆದಿಡಿ

ಸ್ಕಾಟ್ಲೆಂಡ್‌ನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಸೂಚಿಸಿದ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ. ಇಂದಿನ ಅಳತೆಗಳಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ, ಅಭ್ಯಾಸವಿರುವ ನಡಿಗೆಯವರ ಲೆಕ್ಕ. ವಿಶ್ರಾಂತಿಯ ಹೊತ್ತು ಇದರಲ್ಲಿ ಸೇರಿಲ್ಲ. ಹೊಸಬರು ಗಂಟೆಗೆ 4 ಕಿಲೋಮೀಟರ್ ಎಂದು ಹಿಡಿಯುವುದು ಲೇಸು. ಇಳಿತಕ್ಕೆ ಈ ಸೂತ್ರ ಏನನ್ನೂ ಸೇರಿಸುವುದಿಲ್ಲ. ಆ ಕೊರತೆಯನ್ನು ಬ್ರಿಟನ್ನಿನ ಪರ್ವತಾರೋಹಿ ಎರಿಕ್ ಲ್ಯಾಂಗ್‌ಮ್ಯೂರ್ ಮುಂದೆ ಸರಿಪಡಿಸಿ, 12 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕೂಡಿಸಬೇಕೆಂದರು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಶಿಖರಕ್ಕೆ 6 ಕಿಲೋಮೀಟರ್, ಏರು 700 ಮೀಟರ್, ಅದೇ ದಾರಿಯಲ್ಲಿ ವಾಪಸು. ಗಂಟೆಗೆ 4 ಕಿಲೋಮೀಟರಿನಂತೆ ದೂರಕ್ಕೆ ಒಂದೂವರೆ ಗಂಟೆ, ಏರಿಗೆ ಒಂದು ಗಂಟೆ ಹತ್ತು ನಿಮಿಷ, ವಿಶ್ರಾಂತಿಗೆ ಅರ್ಧ ಗಂಟೆ. ಹತ್ತಲು ಒಟ್ಟು 3 ಗಂಟೆ 10 ನಿಮಿಷ. ಇಳಿಯಲು ದೂರಕ್ಕೆ ಒಂದೂವರೆ ಗಂಟೆ, ಕಡಿದಾದ ಇಳಿತಕ್ಕೆ ಸುಮಾರು 25 ನಿಮಿಷ, ನಡುನಡುವೆ ನಿಲ್ಲಲು 20 ನಿಮಿಷ. ಒಟ್ಟು 2 ಗಂಟೆ 15 ನಿಮಿಷ. ಶಿಖರದ ಮೇಲೆ ಮುಕ್ಕಾಲು ಗಂಟೆ.

ಈಗ ಹಿಂದಕ್ಕೆ ಬನ್ನಿ. ಸೂರ್ಯಾಸ್ತ ಸಂಜೆ 6ಕ್ಕೆ ಎಂದಿಟ್ಟುಕೊಳ್ಳಿ. ಕಾಲು ಉಳುಕುವುದು, ದಾರಿ ತಪ್ಪುವುದು, ಜೊತೆಯವರು ನಿಧಾನವಾಗುವುದು ಇವುಗಳಿಗಾಗಿ ಎರಡು ಗಂಟೆ ಕೈಯಲ್ಲಿರಲಿ. ಹಾಗಾದರೆ ಬುಡವನ್ನು 4ಕ್ಕೆ ಮುಟ್ಟಬೇಕು, ಶಿಖರವನ್ನು ತಡವೆಂದರೆ 1:45ಕ್ಕೆ ಬಿಡಬೇಕು, ಅಲ್ಲಿಗೆ 1ಕ್ಕೆ ತಲುಪಬೇಕು, ಕೆಳಗಿನಿಂದ 9:50ರೊಳಗೆ ಹೊರಟಿರಬೇಕು. ನೆನಪಿಡಿ, ಇದು ಕಟ್ಟಕಡೆಯ ಗಡುವೇ ಹೊರತು ಹೊರಡಲು ಒಳ್ಳೆಯ ಹೊತ್ತಲ್ಲ. ಬೆಳಿಗ್ಗೆ 7ಕ್ಕೆ ಹೊರಟರೆ ಹತ್ತೂಕಾಲರ ಸುಮಾರಿಗೆ ಮೇಲಿರುತ್ತೀರಿ. ಮಧ್ಯಾಹ್ನದ ಗುಡುಗು ಕಟ್ಟುವ ಮೊದಲೇ ಇಳಿಯಲು ಆರಂಭಿಸಿರುತ್ತೀರಿ.

1:45 ಎಂಬ ಆ ಹೊತ್ತಿಗೆ ಮರಳುವ ಗಡುವು ಎನ್ನೋಣ. ಗಡಿಯಾರ ಅದನ್ನು ತೋರಿಸಿದಾಗ ನೀವು ಎಲ್ಲಿದ್ದರೂ, ಶಿಖರ ಕೂಗಳತೆಯಲ್ಲಿದ್ದರೂ, ತಿರುಗಿ ನಡೆಯಬೇಕು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು, ಹಿಂದಿನ ರಾತ್ರಿಯೇ ಬರೆದು ಜೊತೆಯವರೆಲ್ಲರ ಒಪ್ಪಿಗೆ ಪಡೆಯಬೇಕು. ದಣಿದು ಮೇಲೆ ನಿಂತಾಗ ನಡೆಯುವ ಚರ್ಚೆಯಲ್ಲಿ 'ಇನ್ನು ಹತ್ತೇ ನಿಮಿಷ' ಎನ್ನುವವರದೇ ಗೆಲುವು.

ಈ ವೇಳಾಪಟ್ಟಿಯ ಒಂದು ಪ್ರತಿಯನ್ನು ಬೆಟ್ಟಕ್ಕೆ ಬರದ ಒಬ್ಬರ ಕೈಗೆ ಕೊಡಿ. ಯಾವ ದಾರಿ, ಎಷ್ಟು ಮಂದಿ, ವಾಹನ ಎಲ್ಲಿ ನಿಲ್ಲಿಸಿದ್ದೀರಿ, ಎಷ್ಟು ಹೊತ್ತಿನವರೆಗೂ ಕರೆ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ.

3. ಕಾಲುಗಳಿಗೆ ಇಳಿಯುವುದನ್ನು ಕಲಿಸಿ

ಹೊರಡುವ ದಿನಕ್ಕೆ ನಾಲ್ಕಾರು ವಾರ ಮುಂಚೆ ಮೆಟ್ಟಿಲುಗಳ ಅಭ್ಯಾಸ ಆರಂಭಿಸಿ. ಒಂದು ಮಹಡಿಗೆ ಮೂರು ಮೀಟರ್ ಎಂದರೆ 700 ಮೀಟರ್ ಏರು ಸುಮಾರು 230 ಮಹಡಿಗಳಿಗೆ ಸಮ. ಅಷ್ಟನ್ನೂ ಒಂದೇ ದಿನ ಹತ್ತಿ ನೋಡಬೇಕಾಗಿಲ್ಲ. ವಾರಕ್ಕೆ ಎರಡು ಮೂರು ಸಲ, ಬೆನ್ನಿಗೆ ನಾಲ್ಕೈದು ಕಿಲೋ ಭಾರ ಹಾಕಿಕೊಂಡು, 30ರಿಂದ 40 ಮಹಡಿ ಹತ್ತಿಳಿಯುವ ಮಟ್ಟಕ್ಕೆ ಬಂದರೆ ಸಾಕು. ಲಿಫ್ಟಿನಲ್ಲಿ ಇಳಿಯಬೇಡಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ತಡೆಯುತ್ತಲೇ ಉದ್ದವಾಗುತ್ತದೆ, ಅಭ್ಯಾಸವಿಲ್ಲದ ಸ್ನಾಯುವಿಗೆ ಹೆಚ್ಚು ನೋವು ಕೊಡುವುದು ಈ ಬಗೆಯ ದುಡಿತವೇ. ಚಾರಣ ಮುಗಿದ ಮರುದಿನದಿಂದ ಮೂರನೆಯ ದಿನದವರೆಗೆ ತೊಡೆ ಹಿಡಿದುಕೊಳ್ಳುವುದಕ್ಕೂ ಇದೇ ಕಾರಣ. ಹೃದಯದ ತೊಂದರೆ, ಉಸಿರಾಟದ ತೊಂದರೆ, ಹಳೆಯ ಮಂಡಿನೋವು ಇರುವವರು ವೈದ್ಯರನ್ನು ಕಂಡ ನಂತರವೇ ಅಭ್ಯಾಸಕ್ಕೆ ಇಳಿಯಬೇಕು.

4. ಪಾದ, ಮೈ, ಬೆನ್ನುಚೀಲ

ಶೂ ಹೊಸದಾಗಿದ್ದರೆ ಬೆಟ್ಟಕ್ಕೆ ಮುಂಚೆ ಕನಿಷ್ಠ ಕೆಲವು ದಿನ ಅದನ್ನು ಹಾಕಿಕೊಂಡು ನಡೆದಾಡಿ. ಕೊಳ್ಳುವಾಗ ಮಧ್ಯಾಹ್ನದ ನಂತರ, ಪಾದ ತುಸು ಊದಿಕೊಂಡಿರುವ ಹೊತ್ತಿನಲ್ಲಿ, ಚಾರಣಕ್ಕೆ ಹಾಕುವ ಸಾಕ್ಸ್ ಧರಿಸಿಯೇ ಅಳತೆ ನೋಡಿ. ಅಂಗಡಿಯಲ್ಲಿ ಇಳಿಜಾರಿನ ಹಲಗೆಯಿದ್ದರೆ ಅದರ ಮೇಲೆ ಮುಂದಕ್ಕೆ ಬಾಗಿ ನಿಲ್ಲಿ. ಬೆರಳ ತುದಿ ಶೂವಿನ ಮೂತಿಗೆ ತಾಗಿದರೆ ಅದು ನಿಮಗೆ ಚಿಕ್ಕದು. ಅಡಿಯ ಪಟ್ಟಿಗಳು ಸವೆದ ಓಟದ ಶೂ ಒಣ ದಾರಿಯಲ್ಲಿ ನಡೆದೀತು, ಒದ್ದೆ ಬಂಡೆಯ ಮೇಲೆ ನಡೆಯದು. ಕಾಲುಗುರುಗಳನ್ನು ಎರಡು ದಿನ ಮೊದಲೇ ಗಿಡ್ಡವಾಗಿ ಕತ್ತರಿಸಿ. ಇಳಿಜಾರಿನಲ್ಲಿ ಹೆಬ್ಬೆರಳು ಗಂಟೆಗಟ್ಟಲೆ ಮುಂದಕ್ಕೆ ಒತ್ತಿ, ಉಗುರಿನಡಿ ರಕ್ತ ಕಟ್ಟಿ ಕಪ್ಪಾಗುವುದನ್ನು ತಪ್ಪಿಸಲು ಇದಕ್ಕಿಂತ ಸುಲಭದ ಉಪಾಯ ಇನ್ನೊಂದಿಲ್ಲ.

ಬಟ್ಟೆಯ ವಿಷಯದಲ್ಲಿ ಹತ್ತಿಯನ್ನು ಬಿಡಿ ಎಂಬ ಸಲಹೆಯನ್ನು ನೀವು ಕೇಳಿರಬಹುದು. ಕಾರಣ ಸರಳ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ; ತೆರೆದ ನೆತ್ತಿಯಲ್ಲಿ ಗಾಳಿ ಬೀಸಿದೊಡನೆ ಆ ಒದ್ದೆ ಬಟ್ಟೆಯೇ ಮೈಯ ಬಿಸಿಯನ್ನು ಕದಿಯುತ್ತದೆ. ಎತ್ತರ ಹೆಚ್ಚಿದಂತೆ ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿಯಷ್ಟು ತಾಪಮಾನ ಇಳಿಯುತ್ತದೆ. ಅಂದರೆ 700 ಮೀಟರ್ ಮೇಲೆ ಹೋದಾಗ ಬುಡಕ್ಕಿಂತ ನಾಲ್ಕೂವರೆ ಡಿಗ್ರಿ ತಂಪು. ಇದರ ಜೊತೆಗೆ ಗಾಳಿಯ ಲೆಕ್ಕ ಸೇರಿಸಿ: ತಾಪಮಾನ 10 ಡಿಗ್ರಿ ಇದ್ದು ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿಯಿದ್ದರೆ ಬರಿಮೈಗೆ ತಾಗುವುದು 6 ಡಿಗ್ರಿಯ ಚಳಿ, ತಾಪಮಾನ 5 ಡಿಗ್ರಿ ಇದ್ದರೆ ಅದೇ ಗಾಳಿಯಲ್ಲಿ ಸೊನ್ನೆಗಿಂತ ತುಸು ಕೆಳಗಿನ ಚಳಿ. ಬೇಗ ಒಣಗುವ ಒಳಅಂಗಿ, ಬೆಚ್ಚನೆಯ ನಡುಪದರ, ಗಾಳಿ ಮಳೆ ಎರಡನ್ನೂ ತಡೆಯುವ ಹೊರಗವಸು, ಹೀಗೆ ಮೂರು ಪದರ ಇಟ್ಟುಕೊಂಡರೆ ಬೇಕಾದಾಗ ಹಾಕಿ ಬೇಡವಾದಾಗ ತೆಗೆಯಬಹುದು. ಮೇಲಕ್ಕೆ ಹೋದಂತೆ ನೇರಳಾತೀತ ಕಿರಣಗಳ ತೀವ್ರತೆ ಪ್ರತಿ 1,000 ಮೀಟರಿಗೆ ಸುಮಾರು ಶೇ 10ರಷ್ಟು ಹೆಚ್ಚುವುದರಿಂದ, ತಂಪಾಗಿದೆ ಎಂಬ ಕಾರಣಕ್ಕೆ ಟೋಪಿ ಮತ್ತು ಸನ್‌ಸ್ಕ್ರೀನ್ ಬಿಟ್ಟುಹೋಗಬೇಡಿ.

ನೀರಿಗೆ ಒಂದು ಸ್ಥೂಲ ಅಳತೆ ಸಾಕು: ನಡೆಯುವ ಪ್ರತಿ ಗಂಟೆಗೆ ಅರ್ಧ ಲೀಟರ್, ಸೆಕೆಯಿದ್ದರೆ ಅದಕ್ಕಿಂತ ಹೆಚ್ಚು. ಮೇಲಿನ ಉದಾಹರಣೆಯ ದಾರಿಗೆ ಒಬ್ಬೊಬ್ಬರಿಗೆ ಮೂರು ಲೀಟರ್ ಬೇಕು, ಅದರ ತೂಕವೇ ಮೂರು ಕಿಲೋ. ನಕ್ಷೆಯಲ್ಲಿ ತೊರೆ ಕಂಡಿತೆಂದು ಭಾರ ಇಳಿಸಬೇಡಿ. ಬೇಸಿಗೆಯಲ್ಲಿ ಅದು ಬತ್ತಿರಬಹುದು, ಬತ್ತದಿದ್ದರೂ ಶುದ್ಧೀಕರಿಸದೆ ಕುಡಿಯುವಂತಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿನ ಸೋಡಿಯಂ ಅಂಶ ತೆಳುವಾಗಿ ತಲೆಸುತ್ತು, ವಾಂತಿ, ಗೊಂದಲ ಉಂಟಾಗಬಹುದು. ಬಾಯಾರಿಕೆಗೆ ತಕ್ಕಷ್ಟು ಕುಡಿಯುತ್ತ, ನಡುನಡುವೆ ಉಪ್ಪು ಬೆರೆತ ತಿನಿಸು ತಿನ್ನುವುದು ಸರಿಯಾದ ಕ್ರಮ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ತಲೆಗೆ ಕಟ್ಟುವ ಟಾರ್ಚ್ ಮತ್ತು ಅದಕ್ಕೊಂದು ಹೆಚ್ಚುವರಿ ಬ್ಯಾಟರಿ, ಕಾಗದದ ನಕ್ಷೆ, ದಿಕ್ಸೂಚಿ, ಸೀಟಿ, ಅಂಟುಪಟ್ಟಿ ಮತ್ತು ಗಾಯಕ್ಕೆ ಬೇಕಾದ ಚಿಕ್ಕ ಪೆಟ್ಟಿಗೆ, ಪವರ್‌ಬ್ಯಾಂಕ್, ಕಸಕ್ಕೊಂದು ಚೀಲ, ಒಂದು ಹೊತ್ತಿಗೆ ಹೆಚ್ಚಾಗುವಷ್ಟು ತಿನಿಸು. ಹಗಲಲ್ಲೇ ಮರಳುತ್ತೇವಲ್ಲ, ಟಾರ್ಚ್ ಯಾಕೆ ಎಂದು ಕೇಳುವವರಿದ್ದಾರೆ. ಅದು ಬೇಕಾಗುವುದು ಯೋಜನೆ ಕೈಕೊಟ್ಟ ದಿನವೇ. ಫೋನಿನ ಬೆಳಕನ್ನು ಅದರ ಬದಲಿಗೆ ಎಣಿಸಬೇಡಿ. ಫೋನಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಟ್ಟು ಏರ್‌ಪ್ಲೇನ್ ಮೋಡ್‌ನಲ್ಲಿ ಇಡಿ. ಜಿಪಿಎಸ್ ಸಂಕೇತ ನೇರವಾಗಿ ಉಪಗ್ರಹಗಳಿಂದ ಬರುವುದರಿಂದ ನೆಟ್‌ವರ್ಕ್ ಇಲ್ಲದಲ್ಲೂ ನೀವಿರುವ ಜಾಗ ತಿಳಿಯುತ್ತದೆ. ನೆಟ್‌ವರ್ಕ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುವುದು ತಪ್ಪುತ್ತದೆ.

5. ಮುನ್ಸೂಚನೆ ನೋಡಿ ಹೊರಡುವ ನಿರ್ಧಾರ ಮಾಡಿ

ಊರಿನ ಹವಾಮಾನ ಮುನ್ಸೂಚನೆ ಬೆಟ್ಟಕ್ಕೆ ಅನ್ವಯಿಸುವುದಿಲ್ಲ. ಸಾಧ್ಯವಾದರೆ ಶಿಖರದ ಎತ್ತರಕ್ಕೆ ಕೊಟ್ಟಿರುವ ಮುನ್ಸೂಚನೆಯನ್ನೇ ನೋಡಿ, ಅದರಲ್ಲಿ ಮಳೆಗಿಂತ ಮೊದಲು ಮೂರು ಸಂಗತಿ ಗಮನಿಸಿ: ಗಾಳಿಯ ವೇಗ, ಗುಡುಗಿನ ಸಾಧ್ಯತೆ, ಮೋಡದ ತಳ ಎಷ್ಟು ಎತ್ತರದಲ್ಲಿದೆ ಎಂಬುದು. ಮೋಡದ ತಳ ಶಿಖರಕ್ಕಿಂತ ಕೆಳಗಿದ್ದರೆ ಮಳೆ ಬಾರದಿದ್ದರೂ ನೀವು ಮೇಲೆ ನಿಂತು ನೋಡುವುದು ಬಿಳಿಯ ಗೋಡೆಯನ್ನು ಮಾತ್ರ. ನೋಟಕ್ಕಾಗಿಯೇ ಹೋಗುತ್ತಿರುವಾಗ ಇಂಥ ದಿನ ಮುಂದೂಡುವುದರಲ್ಲಿ ನಷ್ಟವೇನಿಲ್ಲ. ಮಳೆ ಸುರಿದು ಬಿಟ್ಟ ಮರುದಿನದ ಬೆಳಗು ಹೆಚ್ಚಾಗಿ ಒಳ್ಳೆಯ ಆಯ್ಕೆ, ಏಕೆಂದರೆ ಗಾಳಿಯಲ್ಲಿನ ದೂಳು ತೊಳೆದುಹೋಗಿ ದೂರದ ಸಾಲುಗಳು ಸ್ಪಷ್ಟವಾಗಿ ಕಾಣುತ್ತವೆ. ಬಂಡೆಗಳು ಮಾತ್ರ ಜಾರುತ್ತಿರುತ್ತವೆ.

6. ನಿಧಾನವಾಗಿ ಏರಿ, ಹಿಂದಿರುಗಿ ನೋಡುತ್ತಿರಿ

ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನವಾಗಿ ನಡೆಯಿರಿ. ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಕಡಿದಾದಲ್ಲಿ ಹೆಜ್ಜೆಯ ಅಳತೆಯನ್ನು ಕುಗ್ಗಿಸಿ, ಲಯವನ್ನು ಬಿಡಬೇಡಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡುವುದು ಒಳ್ಳೆಯದು. ಅವರನ್ನು ಹಿಂದೆ ಬಿಟ್ಟರೆ, ಮುಂದಿನವರು ಕುಳಿತು ದಣಿವಾರಿಸಿಕೊಂಡು ಅವರು ಬಂದೊಡನೆ ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ.

ಹಿಮ್ಮಡಿಯಲ್ಲೋ ಕಿರುಬೆರಳ ಬದಿಯಲ್ಲೋ ಒಂದು ಕಡೆ ಮಾತ್ರ ಬಿಸಿಯಾದಂತೆ, ಉಜ್ಜಿದಂತೆ ಅನ್ನಿಸಿದರೆ ಆ ಕ್ಷಣವೇ ನಿಲ್ಲಿ. ಶೂ ಬಿಚ್ಚಿ, ಸಾಕ್ಸಿನೊಳಗಿನ ಮರಳು ಕೊಡವಿ, ಕೆಂಪಾದ ಜಾಗವನ್ನು ಒರೆಸಿ ಒಣಗಿಸಿ, ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ ಅದರ ಸುತ್ತಲಿನ ಚರ್ಮಕ್ಕೂ ಚಾಚಿ ಅಂಟಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಮೂಲೆ ಚೂಪಾಗಿದ್ದರೆ ಸಾಕ್ಸ್ ಅದನ್ನೇ ಹಿಡಿದು ಎಬ್ಬಿಸುತ್ತದೆ. ಐದು ನಿಮಿಷದ ಈ ನಿಲುಗಡೆಗೆ ನಾಚಿಕೊಂಡವರು ಶಿಖರ ತಲುಪುವಷ್ಟರಲ್ಲಿ ನೀರುಗುಳ್ಳೆ ಎಬ್ಬಿಸಿಕೊಂಡು, ಇಳಿಯುವಾಗ ಇಡೀ ಗುಂಪನ್ನು ಒಂದು ಗಂಟೆ ತಡಮಾಡುತ್ತಾರೆ.

ಪ್ರತಿಯೊಂದು ಕವಲಿನಲ್ಲೂ ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು, ಬಂದ ದಾರಿಯ ಫೋಟೊ ತೆಗೆಯಿರಿ. ಹತ್ತುವಾಗ ಎರಡು ದಾರಿಗಳು ಬಂದು ಒಂದಾಗುವ ಜಾಗ ಕಣ್ಣಿಗೇ ಬೀಳುವುದಿಲ್ಲ. ಇಳಿಯುವಾಗ ಅದೇ ಜಾಗ ಕವಲಾಗಿ ನಿಂತು ಯಾವ ಕಡೆ ಎಂದು ಕೇಳುತ್ತದೆ. ಕಲ್ಲುಗುಪ್ಪೆಗಳನ್ನು, ಅಂದರೆ ದಾರಿ ತೋರಲು ಯಾರೋ ಪೇರಿಸಿಟ್ಟ ಕಲ್ಲುಗಳನ್ನು ಗಮನಿಸಿ, ಆದರೆ ಕುರುಡಾಗಿ ನಂಬಬೇಡಿ. ಹೊತ್ತು ಕಳೆಯಲು ಕಟ್ಟಿದ ಗುಪ್ಪೆಗಳೂ ಇರುತ್ತವೆ, ನೀವಾಗಿ ಹೊಸದನ್ನು ಪೇರಿಸುವುದಂತೂ ಬೇಡ.

7. ಮರಗಳು ಮುಗಿಯುವಲ್ಲಿ ನಿಂತು ತೀರ್ಮಾನಿಸಿ

ಈ ಇಡೀ ದಿನದಲ್ಲಿ ಮುಖ್ಯವಾದ ನಿಲುಗಡೆ ಇದೊಂದೇ. ನಾನು ಶಿಖರದ ನಿಲುಗಡೆಯನ್ನಾದರೂ ಬಿಟ್ಟೇನು, ಇದನ್ನು ಬಿಡಲಾರೆ. ಕೊನೆಯ ಮರಗಳ ಮರೆಯಲ್ಲಿ ಹತ್ತು ನಿಮಿಷ ಕುಳಿತು, ಗಾಳಿಗೆ ಒಡ್ಡಿಕೊಳ್ಳುವ ಮೊದಲೇ ಹೊರಗವಸು ಹಾಕಿಕೊಳ್ಳಿ, ನೀರು ಕುಡಿಯಿರಿ, ಗಡಿಯಾರ ನೋಡಿ, ಆಮೇಲೆ ಆಕಾಶ ನೋಡಿ. ಬೆಳಿಗ್ಗೆ ಚದುರಿದ ಹತ್ತಿಯ ಉಂಡೆಗಳಂತಿದ್ದ ಮೋಡಗಳು ಗೋಪುರದಂತೆ ಮೇಲಕ್ಕೆ ಬೆಳೆಯುತ್ತಿದ್ದು ತಳ ಕಪ್ಪಾಗುತ್ತಿದ್ದರೆ, ಬಿಸಿಯಾದ ಇಳಿಜಾರಿನಿಂದ ಎದ್ದ ತೇವದ ಗಾಳಿ ಗುಡುಗುಮೋಡವಾಗಿ ಕಟ್ಟುತ್ತಿದೆ ಎಂದರ್ಥ. ಅನೇಕ ಪರ್ವತ ಪ್ರದೇಶಗಳಲ್ಲಿ ಗುಡುಗುಮಳೆ ಮಧ್ಯಾಹ್ನದ ನಂತರ ಹೆಚ್ಚುವುದು ಇದರಿಂದಲೇ.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಸಿಗುತ್ತದೆ, ಏಕೆಂದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎಣಿಕೆ 30 ಅಥವಾ ಅದಕ್ಕಿಂತ ಕಡಿಮೆ ಬಂದರೆ ನೀವು ಈಗಾಗಲೇ ಅಪಾಯದ ವಲಯದಲ್ಲಿದ್ದೀರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಬಯಲಿಗೆ ಕಾಲಿಡಬೇಡಿ. ಬಯಲಿನಲ್ಲಿದ್ದಾಗಲೇ ಸಿಡಿಲು ಶುರುವಾದರೆ ನೆತ್ತಿಯನ್ನೂ, ಎರಡೂ ಬದಿಗೆ ಇಳಿಜಾರಿರುವ ಬೆಟ್ಟದ ಏಣನ್ನೂ ಬಿಟ್ಟು ಕೂಡಲೇ ಕೆಳಗಿಳಿಯಿರಿ. ಒಂಟಿ ಮರದಡಿ ಆಸರೆ ಬೇಡ. ಚಾಚಿದ ಬಂಡೆಯ ಕೆಳಗಿನ ಆಳವಿಲ್ಲದ ಪೊಟರೆಯೂ ಬೇಡ. ನೆಲದಲ್ಲಿ ಹರಿಯುವ ವಿದ್ಯುತ್ತು ಅಲ್ಲಿ ಅಂಚಿನಿಂದ ಅಂಚಿಗೆ ಜಿಗಿಯಬಹುದು. ಕೂದಲು ನಿಮಿರಿದರೆ, ಕಲ್ಲುಗಳಿಂದ ಝೇಂಕಾರ ಕೇಳಿದರೆ, ಓಡಲು ಸಮಯವಿಲ್ಲವಾದರೆ, ಪಾದಗಳನ್ನು ಜೋಡಿಸಿ ತುದಿಗಾಲಿನಲ್ಲಿ ಕುಕ್ಕರುಗಾಲು ಹಾಕಿ; ಮಲಗಬೇಡಿ, ಒಬ್ಬರಿಗೊಬ್ಬರು ಅಂಟಿಕೊಂಡು ಕೂರಬೇಡಿ. ಇದು ಅಪಾಯವನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಆಕಾಶ ತಿಳಿಯಾಗಿದ್ದು, ಗಡುವಿಗೆ ಸಾಕಷ್ಟು ಹೊತ್ತಿದ್ದು, ಗುಂಪಿನಲ್ಲಿ ಎಲ್ಲರಿಗೂ ಇಳಿಯುವಷ್ಟು ತ್ರಾಣ ಉಳಿದಿದ್ದರೆ ಮುಂದೆ ಸಾಗಿ. ಮೂರರಲ್ಲಿ ಒಂದು ಇಲ್ಲವಾದರೂ ತಿರುಗಿ.

8. ಶಿಖರದ ಮೇಲೆ

ಮೊದಲು ಕಾಣುವ ತುದಿ ಬಹಳ ಸಲ ಶಿಖರವಾಗಿರುವುದಿಲ್ಲ. ಕೆಳಗಿನಿಂದ ನೋಡುವಾಗ ಉಬ್ಬು ತನ್ನ ಹಿಂದಿನದನ್ನು ಮರೆಮಾಚುತ್ತದೆ. ಅದನ್ನು ಏರಿದ ಮೇಲೆ ಇನ್ನೊಂದು ತಲೆಯೆತ್ತುತ್ತದೆ. ನಕ್ಷೆಯಲ್ಲಿ ಇಂಥ ಹುಸಿ ಶಿಖರಗಳನ್ನು ಮೊದಲೇ ಎಣಿಸಿಟ್ಟುಕೊಂಡವರಿಗೆ ಎದೆಗುಂದುವ ಪ್ರಮೇಯ ಬರುವುದಿಲ್ಲ.

ಮೇಲೆ ತಲುಪಿದೊಡನೆ ಮಾಡಬೇಕಾದದ್ದು ಫೋಟೊ ಅಲ್ಲ, ಬಂದ ದಾರಿಯ ದಿಕ್ಕನ್ನು ಬರೆದುಕೊಳ್ಳುವುದು. ಬೋಳು ಬಂಡೆಯ ಮೇಲೆ ಹೆಜ್ಜೆಗುರುತು ಮೂಡುವುದಿಲ್ಲ, ಸವೆದ ಹಾದಿ ಇರುವುದಿಲ್ಲ. ಕಣಿವೆಯಿಂದ ಎದ್ದ ಮಂಜು ಮೊದಲು ಹುಲ್ಲಿನ ತುದಿಯಲ್ಲಿ ಎಳೆಯಾಗಿ ಹರಿದು, ಆಮೇಲೆ ಹತ್ತಿರದ ಬಂಡೆಯನ್ನು ಮುಚ್ಚಿ, ಕೆಲವೇ ನಿಮಿಷಗಳಲ್ಲಿ ಪಕ್ಕದವರನ್ನೂ ಮಸುಕಾಗಿಸಿಬಿಡುತ್ತದೆ. ಆಗ ಸುತ್ತಲಿನ ಎಲ್ಲ ಇಳಿಜಾರೂ ನೀವು ಹತ್ತಿ ಬಂದದ್ದರಂತೆಯೇ ತೋರುತ್ತದೆ. ದಿಕ್ಸೂಚಿಯ ಬಾಣವನ್ನು ನೀವು ನೆತ್ತಿಗೆ ಬಂದು ಸೇರಿದ ಜಾಗದತ್ತ ಚಾಚಿ, ಡಿಗ್ರಿಯನ್ನು ಓದಿ, ಗುಂಪಿನಲ್ಲಿ ಇಬ್ಬರಾದರೂ ಬರೆದಿಟ್ಟುಕೊಳ್ಳಿ.

ಇನ್ನು ನೋಟ. ಸುತ್ತಲಿನ ನೆಲ ಸಮತಟ್ಟಾಗಿದ್ದರೆ ಅದಕ್ಕಿಂತ 700 ಮೀಟರ್ ಎತ್ತರದಲ್ಲಿ ನಿಂತವರಿಗೆ ಕ್ಷಿತಿಜ ಸುಮಾರು 94 ಕಿಲೋಮೀಟರ್ ದೂರದಲ್ಲಿರುತ್ತದೆ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಯಾವ ಬೆಟ್ಟಕ್ಕಾದರೂ ಈ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಆ ದೂರದ ಬೆಟ್ಟಸಾಲುಗಳು ಚೆನ್ನಾಗಿ ಬಿಡಿಬಿಡಿಯಾಗಿ ಕಾಣುವುದು ಬೆಳಗಿನ ಓರೆ ಬಿಸಿಲಿನಲ್ಲಿ; ನಡುಹಗಲಿನ ಹೊತ್ತಿಗೆ ನೆರಳು ಅಳಿದು ಎಲ್ಲವೂ ಚಪ್ಪಟೆಯಾಗುತ್ತದೆ. ಬೇಗ ಹೊರಡಿ ಎಂದು ಒತ್ತಿ ಹೇಳುವುದಕ್ಕೆ ಸಿಡಿಲಿನಷ್ಟೇ ಇದೂ ಕಾರಣ. ಸೂರ್ಯ ತಗ್ಗಿನಲ್ಲಿದ್ದು ಎದುರಿನ ಕಣಿವೆಯಲ್ಲಿ ಮಂಜು ತುಂಬಿದ್ದರೆ, ಸೂರ್ಯನಿಗೆ ಬೆನ್ನು ಮಾಡಿ ಕೆಳಗೆ ನೋಡಿ. ನಿಮ್ಮದೇ ನೆರಳು ಮಂಜಿನ ಮೇಲೆ ದೈತ್ಯಾಕಾರವಾಗಿ ಬಿದ್ದು, ಅದರ ತಲೆಯ ಸುತ್ತ ಬಣ್ಣದ ಬಳೆಗಳು ಮೂಡಿರುವುದು ಅದೃಷ್ಟವಿದ್ದರೆ ಕಂಡೀತು. ಜರ್ಮನಿಯ ಹಾರ್ಟ್ಸ್ ಪರ್ವತಗಳಲ್ಲಿ 1,141 ಮೀಟರ್ ಎತ್ತರದ ಬ್ರೋಕನ್ ಶಿಖರದ ಹೆಸರಿನಿಂದ ಇದನ್ನು ಕರೆಯುತ್ತಾರೆ. ಪಕ್ಕದವರ ನೆರಳಿಗೆ ಬಳೆ ಇಲ್ಲ, ನನ್ನದಕ್ಕೆ ಮಾತ್ರ ಇದೆ ಎಂದು ಪ್ರತಿಯೊಬ್ಬರಿಗೂ ಅನ್ನಿಸುವುದು ಇದರ ತಮಾಷೆ.

ನೋಟದ ಗುಂಗಿನಲ್ಲಿ ಅಂಚಿಗೆ ಹಿಂದೆ ಹಿಂದೆ ಸರಿಯುತ್ತ ಫೋಟೊ ತೆಗೆಯುವುದು ಬೇಡ. ನಿಂತು ತೆಗೆಯಿರಿ, ಕಾಲಿಟ್ಟಲ್ಲೆಲ್ಲ ಕಣ್ಣಿಡಿ. ಹಣ್ಣಿನ ಸಿಪ್ಪೆ ಸಹಿತ ಎಲ್ಲ ಕಸವೂ ಚೀಲಕ್ಕೆ. ತೆಳು ಮಣ್ಣಿನ ಮೇಲೆ ಬೆಳೆದ ಹುಲ್ಲುಹಾಸನ್ನು ತುಳಿಯದೆ ಬಂಡೆಯ ಮೇಲೆ ಕುಳಿತುಕೊಳ್ಳಿ.

9. ಇಳಿತ

ಇಳಿಯುವ ಮೊದಲು ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿ. ನೆಲಕ್ಕೆ ಹಿಮ್ಮಡಿಯನ್ನು ಒಂದೆರಡು ಸಲ ಕುಟ್ಟಿ ಪಾದವನ್ನು ಶೂವಿನ ಹಿಂಭಾಗಕ್ಕೆ ಸರಿಸಿ, ಬೆರಳುಗಳ ಮೇಲೆ ಲೇಸನ್ನು ಸಡಿಲವಾಗಿಯೂ ಪಾದದ ಮೇಲ್ಭಾಗ ಮತ್ತು ಕಣಕಾಲಿನಲ್ಲಿ ಬಿಗಿಯಾಗಿಯೂ ಎಳೆಯಿರಿ. ಪಾದ ಮುಂದಕ್ಕೆ ಜಾರಬಾರದು ಎಂಬುದು ಉದ್ದೇಶ.

ಮಂಡಿಯನ್ನು ನೆಟ್ಟಗೆ ಬಿಗಿಯದೆ ತುಸು ಬಾಗಿಸಿ, ಚಿಕ್ಕ ಹೆಜ್ಜೆ ಇಡಿ. ಹೆದರಿ ಹಿಂದಕ್ಕೆ ವಾಲಿದವರೇ ಹೆಚ್ಚು ಜಾರುತ್ತಾರೆ. ದೇಹದ ಭಾರ ಪಾದದ ನೇರಕ್ಕೆ ಇದ್ದಾಗ ಶೂವಿನ ತಳ ನೆಲವನ್ನು ಹಿಡಿಯುತ್ತದೆ. ಗಟ್ಟಿ ನೆಲದ ಮೇಲೆ ಉದುರಿದ ಸಣ್ಣ ಹರಳುಕಲ್ಲು, ಕಪ್ಪು ಪಾಚಿ ಕಟ್ಟಿದ ಒದ್ದೆ ಬಂಡೆ, ಒಣಹುಲ್ಲು, ಮರದ ಬೇರು, ಈ ನಾಲ್ಕರ ಮೇಲೆ ಓಡುವ ಹೆಜ್ಜೆ ಬೇಡ. ಚಾರಣದ ಕೋಲುಗಳಿದ್ದರೆ ಇಳಿಯುವಾಗ ಉದ್ದ ಮಾಡಿಕೊಳ್ಳಿ. ಅಡ್ಡದಾರಿಯ ಆಸೆಯನ್ನು ತಡೆಯಿರಿ: ಸುತ್ತುಬಳಸಿ ಇಳಿಯುವ ದಾರಿಯನ್ನು ನೇರವಾಗಿ ಕತ್ತರಿಸಿದಲ್ಲಿ ಮಳೆನೀರು ಹರಿದು ಮಣ್ಣು ಕೊಚ್ಚಿಹೋಗುತ್ತದೆ, ನಿಮ್ಮ ಕಾಲ ಕೆಳಗಿನ ಕಲ್ಲು ಉರುಳಿ ಕೆಳಗಿನವರ ತಲೆಗೆ ಬೀಳಬಹುದು.

ಹಗಲು ಎಷ್ಟು ಉಳಿದಿದೆ ಎಂದು ತಿಳಿಯಲು ಕೈಯನ್ನು ನೀಟಾಗಿ ಚಾಚಿ, ಅಂಗೈಯನ್ನು ನಿಮ್ಮತ್ತ ತಿರುಗಿಸಿ, ಸೂರ್ಯನಿಗೂ ಕ್ಷಿತಿಜಕ್ಕೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ನೋಡಿ. ಒಂದು ಬೆರಳಿಗೆ ಸುಮಾರು ಕಾಲು ಗಂಟೆ. ಧ್ರುವದತ್ತ ಹೋದಂತೆ ಸೂರ್ಯ ಓರೆಯಾಗಿ ಮುಳುಗುವುದರಿಂದ ಲೆಕ್ಕ ಬದಲಾಗುತ್ತದೆ. ಪಶ್ಚಿಮಕ್ಕೆ ಬೆಟ್ಟವಿದ್ದರೆ ಅದರ ತುದಿಯವರೆಗೆ ಮಾತ್ರ ಅಳೆಯಿರಿ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲಾಗುತ್ತದೆ.

ದಾರಿ ತಪ್ಪಿತೆಂಬ ಅನುಮಾನ ಬಂದರೆ ಮುಂದೆ ಹೋಗಿ ನೋಡೋಣ ಎನ್ನಬೇಡಿ. ನಿಂತು, ಖಚಿತವಾಗಿ ಗುರುತಿದ್ದ ಕೊನೆಯ ಜಾಗಕ್ಕೆ ಮರಳಿ. ತೊರೆಯ ಜಾಡು ಹಿಡಿದು ಇಳಿದರೆ ಊರು ಸಿಕ್ಕೀತೆಂಬ ನಂಬಿಕೆ ಬೆಟ್ಟದಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ನೀರು ಕಡಿದಾದ ಕೊರಕಲುಗಳಲ್ಲಿ, ಕೆಲವೊಮ್ಮೆ ಜಲಪಾತವಾಗಿ ಇಳಿಯುತ್ತದೆ. ನೀವು ಹಾಗೆ ಇಳಿಯಲಾರಿರಿ. ಯಾರಿಗಾದರೂ ಗಾಯವಾಗಿ ನಡೆಯಲಾಗದಿದ್ದರೆ ಅವರನ್ನು ಮೊದಲು ಬೆಚ್ಚಗಿಡಿ, ನೆಲದ ತಂಪು ತಾಗದಂತೆ ಅಡಿಗೆ ಖಾಲಿ ಚೀಲ ಹಾಸಿ. ತುರ್ತು ಕರೆಗೆ 112 ಹಲವು ದೇಶಗಳಲ್ಲಿ ನಡೆಯುತ್ತದೆ, ನೀವು ಹೋಗುವ ಕಡೆಯ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕರೆ ಸೇರದ ಕಡೆ ಕಿರುಸಂದೇಶ ಕೆಲವೊಮ್ಮೆ ಸೇರುತ್ತದೆ. ಅದೂ ಆಗದಿದ್ದರೆ 1894ರಿಂದ ಆಲ್ಪ್ಸ್ ಪರ್ವತಗಳಲ್ಲಿ ರೂಢಿಗೆ ಬಂದ ಸಂಕೇತವನ್ನು ಬಳಸಿ: ಒಂದು ನಿಮಿಷದಲ್ಲಿ ಆರು ಸಲ ಸೀಟಿ ಅಥವಾ ಟಾರ್ಚ್ ಬೆಳಕು, ಮುಂದಿನ ಒಂದು ನಿಮಿಷ ಮೌನ, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸುತ್ತಾರೆ. ಉತ್ತರ ಬಂದ ಮೇಲೂ ಅವರು ನಿಮ್ಮ ಬಳಿ ಬರುವವರೆಗೆ ಸಂಕೇತವನ್ನು ನಿಲ್ಲಿಸಬೇಡಿ.

ಬುಡ ತಲುಪಿದ ಮೇಲೆ ವಾಹನ ಹತ್ತುವ ಮೊದಲು, ನಿಮ್ಮ ವೇಳಾಪಟ್ಟಿಯನ್ನು ಇಟ್ಟುಕೊಂಡಿರುವವರಿಗೆ ಕರೆ ಮಾಡಿ ಇಳಿದಿದ್ದೇವೆಂದು ತಿಳಿಸಿ. ಇದನ್ನು ಮರೆತರೆ, ನೀವು ಮನೆಯಲ್ಲಿ ಮಲಗಿರುವಾಗ ಬೇರೆ ಯಾರೋ ಟಾರ್ಚ್ ಹಿಡಿದು ಬೆಟ್ಟದಲ್ಲಿ ನಿಮ್ಮನ್ನು ಹುಡುಕುತ್ತಿರುತ್ತಾರೆ.